ಸ್ಕೂಟರ್ ಸಾಕಾ, ರೂಮು ಬೇಕಾ? ಉಡುಪಿಯ ಒಂದು ಬ್ಯೂಟಿ ಪಾರ್ಲರಿನ ಮೂರು ವರ್ಷದ ಲೆಕ್ಕ

ಅಕ್ಕ ಕೆಲಸ ಬಿಟ್ಟದ್ದು 2022ರ ಜುಲೈಯಲ್ಲಿ. ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಮಣಿಪಾಲದ ಒಂದು ಪಾರ್ಲರಿನಲ್ಲಿ ಆರು ವರ್ಷ ದುಡಿದಿದ್ದಳು. ಕೊನೆಗೆ ಕೈಗೆ ಬರುತ್ತಿದ್ದ ಸಂಬಳ 14,000 ರೂಪಾಯಿ. ಚಿಕ್ಕ ಮಗಳನ್ನು ಎಲ್‌ಕೆಜಿಗೆ ಹಾಕಿದ ಮೇಲೆ ರಾತ್ರಿ ಎಂಟರವರೆಗೆ ಅಲ್ಲಿ ನಿಲ್ಲುವುದು ಆಗಲಿಲ್ಲ. ನಾನು ಉಡುಪಿಯಲ್ಲಿ ಒಬ್ಬರು ಆಡಿಟರ್ ಹತ್ತಿರ ಲೆಕ್ಕ ಬರೆಯುವವಳು. ಹಾಗಾಗಿ ಅವಳ ಸ್ವಂತ ಕೆಲಸದ ಲೆಕ್ಕ ಮೊದಲ ದಿನದಿಂದಲೇ ನನ್ನ ಕೈಗೆ ಬಂತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

ಬರೆಯುವುದಕ್ಕೆ ಕಾರಣ ಉಂಟು. ಪಾರ್ಲರ್ ಕೋರ್ಸ್ ಮುಗಿಸಿದ ಹುಡುಗಿಯರು ನಮ್ಮ ಆಫೀಸಿಗೆ ಬಂದಾಗ ಮೊದಲು ಕೇಳುವುದು ಇದನ್ನೇ: ಮನೆಮನೆಗೆ ಹೋಗಿ ಮಾಡುವುದಾ, ರೂಮು ಹಿಡಿಯುವುದಾ? ಎಲ್ಲರೂ ದುಡ್ಡಿನಲ್ಲಿ ಉತ್ತರ ಹುಡುಕುತ್ತಾರೆ. ದುಡ್ಡಿದ್ದರೆ ರೂಮು, ಇಲ್ಲದಿದ್ದರೆ ಬ್ಯಾಗು. ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕನ ಲೆಕ್ಕ ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಮೊದಲು ಎಣಿಸಬೇಕಾದದ್ದು ಗಂಟೆಗಳನ್ನು. ಅದರ ಜೊತೆಗೆ ನಮ್ಮ ಊರಿನ ಮಳೆ ಮತ್ತು ಪಂಚಾಂಗ ನೋಡಬೇಕು. ದುಡ್ಡಿನ ಮಾತು ಆಮೇಲೆ.

ಕೆಲಸದ ಬಗ್ಗೆ ಅಕ್ಕನಿಗೆ ಅಂಜಿಕೆ ಇರಲಿಲ್ಲ. ಮದುವೆಗೆ ಮೊದಲೇ ಬ್ರಹ್ಮಾವರದ ರುಡ್‌ಸೆಟ್‌ನಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಮುಗಿಸಿದ್ದಳು. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ಅದು, ಬ್ರಹ್ಮಾವರದ್ದು ಅದರ ಶಾಖೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕೈಯಲ್ಲಿ ಕಾಸಿಲ್ಲದ ಹುಡುಗಿಯರಿಗೆ ನಾನು ಈಗಲೂ ಮೊದಲು ಹೇಳುವುದು ಅಲ್ಲಿಗೆ ಹೋಗಿ ವಿಚಾರಿಸಿ ಅಂತ.

ನವೆಂಬರ್‌ನಲ್ಲಿ 38,000 ರೂಪಾಯಿ ಹಾಕಿ ಮನೆಮನೆ ಕೆಲಸ ಶುರು ಮಾಡಿದಳು. ಮೇಕಪ್ ಸಾಮಾನಿಗೆ 16,000. ಕ್ರೀಮು, ಫೇಶಿಯಲ್ ಕಿಟ್, ವ್ಯಾಕ್ಸ್ ಎಲ್ಲ ಸೇರಿ 8,000. ಹೀಟರ್ ಮತ್ತು ಸ್ಟೀಮರ್‌ಗೆ 3,500. ಟವೆಲ್ಲು, ಬೆಡ್‌ಶೀಟು, ಬ್ಯಾಗಿಗೆ 4,000. ಉಳಿದ 6,500 ಒಂದು ಫೋಲ್ಡಿಂಗ್ ಬೆಡ್ಡಿಗೆ ಹೋಯಿತು. ಆ ಬೆಡ್ಡು ತರುವಾಗ ಇಬ್ಬರೂ ಯೋಚನೆ ಮಾಡಲಿಲ್ಲ. ಸ್ಕೂಟರಿನಲ್ಲಿ ಅದನ್ನು ಇಡುವುದು ಎಲ್ಲಿ? ಎರಡು ಸಲ ರಿಕ್ಷಾದಲ್ಲಿ ಒಯ್ದಳು, ಆಮೇಲೆ ಮನೆಯ ಅಟ್ಟ ಸೇರಿತು. ಗಿರಾಕಿಯ ಮನೆಯ ಮಂಚದ ಮೇಲೇ ಬೆಡ್‌ಶೀಟ್ ಹಾಸಿ ಕೆಲಸ ಮಾಡತೊಡಗಿದಳು. ಮಂಚ ತಗ್ಗು. ಒಂದು ಫೇಶಿಯಲ್ ಅಂದರೆ ಮುಕ್ಕಾಲು ಗಂಟೆ ಬಗ್ಗಿಯೇ ಇರಬೇಕು. ಮೂರು ತಿಂಗಳಲ್ಲಿ ಸೊಂಟ ಹಿಡಿಯಿತು.

ಗಿರಾಕಿಗಳಿಗೆ ಮಾತ್ರ ಬರ ಇರಲಿಲ್ಲ. ಬಾಣಂತಿಯರು, ಮಗು ಬಿಟ್ಟು ಬರಲಾಗದವರು, ಮೊಣಕಾಲು ನೋವಿನ ಅಮ್ಮಂದಿರು, ಅತ್ತೆಗೆ ಹುಷಾರಿಲ್ಲದೆ ಮನೆಯಲ್ಲೇ ಕಟ್ಟಿಬಿದ್ದ ಸೊಸೆಯಂದಿರು. ಇವರೆಲ್ಲ ವರ್ಷಗಟ್ಟಲೆ ಪಾರ್ಲರಿಗೆ ಹೋಗದವರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಒಂದು ವರ್ಷದಲ್ಲಿ ಡೈರಿಯಲ್ಲಿ 64 ಕಾಯಂ ಹೆಸರುಗಳಾದವು.

ಒಂದು ದಿನ ರಜೆ ಇದ್ದದ್ದರಿಂದ ಅಕ್ಕನ ಜೊತೆ ನಾನೂ ಹೋಗಿದ್ದೆ. ಕಲ್ಮಾಡಿಯ ಒಂದು ಮನೆ. ಅರವತ್ತು ದಾಟಿದ ಅಮ್ಮ ಮತ್ತು ಅವರ ಸೊಸೆ. ಸೊಸೆಯ ಕೈಗೆ ವ್ಯಾಕ್ಸಿಂಗ್. ಒಂದು ಕೈ ಮುಗಿದು ಇನ್ನೊಂದು ಶುರು ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಹೀಟರಿನಲ್ಲಿದ್ದ ವ್ಯಾಕ್ಸ್ ಗಟ್ಟಿಯಾಗುತ್ತಾ ಬಂತು, ಚಾಕು ಹಾಕಿದರೆ ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತಿತ್ತು. ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಗ್ಯಾಸ್ ಹಚ್ಚಿ, ಪಾತ್ರೆಯಲ್ಲಿ ನೀರು ಕಾಯಿಸಿ ತಂದರು. "ಡಬ್ಬಿ ಇದರಲ್ಲಿಡು ಮಗಾ, ಕರಗ್ತದೆ." ಕರಗಿತು. ಅಕ್ಕ ಪ್ರತಿ ಸಲ ತನ್ನ ಮಣಿಕಟ್ಟಿಗೆ ಒಂದು ಹನಿ ಹಾಕಿ ಬಿಸಿ ನೋಡಿಯೇ ಅವರ ಕೈಗೆ ಹಚ್ಚಿದಳು. ಕೆಲಸ ಮುಗಿದ ಮೇಲೆ ಅಮ್ಮನ ಕಾಲುಗುರು ಕತ್ತರಿಸಿಕೊಟ್ಟಳು. ಅವರಿಗೆ ಬಗ್ಗಲು ಆಗುವುದಿಲ್ಲ, ಸೊಸೆಗೆ ಹೇಳಲು ನಾಚಿಕೆ. ಅದಕ್ಕೆ ಅಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ. ಚಾ, ಅವಲಕ್ಕಿ, ಮಾತು. ಹೊರಡುವಾಗ ಗಂಟೆ ನೋಡಿದೆ. ಎರಡು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಬಂದ ದುಡ್ಡು 350 ರೂಪಾಯಿ.

ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕ ಎಷ್ಟು ಸಲ ಹೇಳಿದ್ದಳು, "ದುಡ್ಡು ಬರ್ತಾ ಉಂಟು ಮಾರಾಯ್ತಿ, ಆದ್ರೆ ಎಲ್ಲಿ ಹೋಗ್ತದೆ ಅಂತ ಗೊತ್ತಾಗುದಿಲ್ಲ" ಅಂತ. ಹೋಗುತ್ತಿದ್ದದ್ದು ದುಡ್ಡಲ್ಲ, ಹೊತ್ತು.

2024ರ ಫೆಬ್ರವರಿಯಲ್ಲಿ ಒಂದು ವಾರ ಪೂರ್ತಿ ಗಂಟೆ ಬರೆಸಿದೆ. ಮನೆ ಬಿಟ್ಟ ಹೊತ್ತು, ತಲುಪಿದ ಹೊತ್ತು, ಕೆಲಸಕ್ಕೆ ಕೈ ಹಾಕಿದ ಹೊತ್ತು, ಮುಗಿಸಿದ ಹೊತ್ತು. ಮದುಮಗಳ ಕೆಲಸ ಇಲ್ಲದ ಸಾಧಾರಣ ವಾರ ಅದು. ಆರು ದಿನ, 19 ಮನೆ. ಹೊರಗಿದ್ದದ್ದು 46 ಗಂಟೆ. ಅದರಲ್ಲಿ ಕೈ ಕೆಲಸ ಮಾಡಿದ್ದು 22 ಗಂಟೆ ಮಾತ್ರ. ರಸ್ತೆಯಲ್ಲಿ 13 ಗಂಟೆ. ಸಾಮಾನು ಬಿಚ್ಚಿ ಕಟ್ಟುವುದು, ಗಿರಾಕಿ ಸ್ನಾನ ಮುಗಿಸಲಿ ಅಂತ ಕಾಯುವುದು, ಚಾ ಕುಡಿಯುವುದು, ಇವೆಲ್ಲ 11 ಗಂಟೆ. ವಾರದ ಬಿಲ್ಲು 9,310 ರೂಪಾಯಿ. ಸಾಮಾನಿಗೆ 1,700, ಪೆಟ್ರೋಲಿಗೆ 620 ಕಳೆದರೆ ಉಳಿದದ್ದು 6,990. ಕೈ ಕೆಲಸದ ಗಂಟೆಗೆ ಲೆಕ್ಕ ಹಾಕಿದರೆ 318 ರೂಪಾಯಿ. ಮನೆ ಬಿಟ್ಟ ಗಂಟೆಗೆ ಲೆಕ್ಕ ಹಾಕಿದರೆ 152.

ರಸ್ತೆಯ 13 ಗಂಟೆ ಜಾಸ್ತಿ ಅನ್ನಿಸಬಹುದು. ಆದರೆ ಆ ಕಾಲದ ಉಡುಪಿ ನೋಡಿದವರಿಗೆ ಆಶ್ಚರ್ಯ ಆಗುವುದಿಲ್ಲ. ಅಕ್ಕನ ಮನೆ ಸಂತೆಕಟ್ಟೆ ಹತ್ತಿರ, ಅಲ್ಲಿ ಹೆದ್ದಾರಿಯ ಅಂಡರ್‌ಪಾಸ್ ಕೆಲಸ ನಡೆಯುತ್ತಿತ್ತು. ಮಣಿಪಾಲದ ಕಡೆ ಹೋದರೆ ಇಂದ್ರಾಳಿಯ ರೈಲ್ವೇ ಸೇತುವೆಯಲ್ಲಿ ಸಾಲು. ಬೆಳಿಗ್ಗೆ ಮಲ್ಪೆ, ಮಧ್ಯಾಹ್ನ ಪರ್ಕಳ, ಸಂಜೆ ಕೆಮ್ಮಣ್ಣು ಅಂತ ಕರೆದಲ್ಲಿಗೆಲ್ಲ ಓಡುತ್ತಿದ್ದಳು. ಯಾರಿಗೂ ಇಲ್ಲ ಅನ್ನುವ ಅಭ್ಯಾಸ ಇಲ್ಲ. ಐಬ್ರೋಗೆ 50 ರೂಪಾಯಿ ಕೊಡುವವರ ಮನೆಗೂ ಅದೇ ಸ್ಕೂಟರು.

ಅದೇ ಚಳಿಗಾಲದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಬ್ರಹ್ಮಗಿರಿಯ ಒಬ್ಬರಿಗೆ ಮರುದಿನ ಅಣ್ಣನ ಮಗನ ಮದುವೆ. ಮುಖಕ್ಕೆ ಬ್ಲೀಚ್ ಬೇಕೇಬೇಕು ಅಂದರು. ಬ್ಲೀಚ್ ಹಾಕುವ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಅಕ್ಕನಿಗೆ ಅದು ಗೊತ್ತು, ಪಾರ್ಲರಿನಲ್ಲಿದ್ದಾಗ ತಪ್ಪದೆ ಮಾಡುತ್ತಿದ್ದಳು. ಮನೆಮನೆ ಕೆಲಸದಲ್ಲಿ ಅದಕ್ಕೆ ಎರಡು ಸಲ ಹೋಗಬೇಕು, ಎರಡು ಸಲದ ಪೆಟ್ರೋಲು ಯಾರು ಕೊಡುತ್ತಾರೆ? ಆ ದಿನ ನೇರ ಹಚ್ಚಿಬಿಟ್ಟಳು. ಐದೇ ನಿಮಿಷದಲ್ಲಿ ಕೆನ್ನೆ ಕೆಂಡದ ಹಾಗೆ ಕೆಂಪಾಯಿತು. ತೊಳೆದು, ತಣ್ಣೀರು ಬಟ್ಟೆ ಇಟ್ಟು, ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಓಡಿದಳು. ಅಲ್ಲಿ ತಿಳಿದದ್ದೇನೆಂದರೆ ಅವರು ತಿಂಗಳುಗಟ್ಟಲೆ ಒಂದು ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಿದ್ದರು. ಮುಖ ಬೆಳ್ಳಗಾಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಔಷಧಿ ಅಂಗಡಿಯಿಂದ ಸುಮ್ನೆ ತಂದದ್ದು. ಅಂಥ ಕ್ರೀಮು ಚರ್ಮವನ್ನು ತೆಳು ಮಾಡುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಸುಡದೆ ಇರುತ್ತದಾ?

ಡಾಕ್ಟರ ಫೀಸು, ಔಷಧಿ ಎಲ್ಲ ಅಕ್ಕನೇ ಕೊಟ್ಟಳು. ಎರಡು ವಾರದಲ್ಲಿ ಅವರಿಗೆ ಗುಣವಾಯಿತು. ಆಮೇಲೆ ಒಂದು ಚೀಟಿ ಮಾಡಿಕೊಂಡಳು. ಈಗ ಮುಖಕ್ಕೆ ಏನು ಹಚ್ಚುತ್ತಿದ್ದೀರಿ, ಮೊಡವೆಗೆ ಮಾತ್ರೆ ಅಥವಾ ಕ್ರೀಮು ಉಂಟಾ, ಸಕ್ಕರೆ ಕಾಯಿಲೆ ಉಂಟಾ, ಹಿಂದೆ ಹೇರ್ ಡೈಯಿಂದ ತುರಿಕೆ ಆಗಿತ್ತಾ. ಇಷ್ಟು ಕೇಳದೆ ಕೈ ಮುಟ್ಟಿಸುವುದಿಲ್ಲ. ಬ್ಲೀಚ್ ಮತ್ತು ಹೇರ್ ಕಲರನ್ನು ಮನೆಮನೆ ಕೆಲಸದಿಂದ ತೆಗೆದೇಬಿಟ್ಟಳು. ನನ್ನ ಪ್ರಕಾರ ಇದು ಬರೀ ಎಚ್ಚರಿಕೆಯ ಮಾತಲ್ಲ, ಯಾವ ಕೆಲಸ ಎಲ್ಲಿ ಮಾಡಬೇಕು ಅನ್ನುವ ಪ್ರಶ್ನೆಗೇ ಉತ್ತರ. ಇವತ್ತು ಬಂದು ಸ್ವಲ್ಪ ಹಚ್ಚಿಸಿಕೊಂಡು ನಾಳೆ ಮತ್ತೆ ಬಾ ಅಂತ ಹೇಳಬೇಕಾದ ಕೆಲಸಕ್ಕೆಲ್ಲ ಗಿರಾಕಿಯೇ ಬರುವ ಒಂದು ಜಾಗ ಬೇಕು.

ಹೀಗೆ ರೂಮಿನ ವಿಚಾರ ಬಂತು. ಕುಂಜಿಬೆಟ್ಟಿನ ಒಂದು ಕಟ್ಟಡದ ಮೊದಲ ಮಹಡಿ, 180 ಚದರಡಿ. ಬಾಡಿಗೆ 7,500, ಅಡ್ವಾನ್ಸ್ 75,000. ಒಳಗಿನ ಖರ್ಚು ಒಂದು ಲಕ್ಷಕ್ಕೆ ನಿಂತಿತು. ಎಸಿ 34,000, ಇನ್ವರ್ಟರ್ 18,000, ಕುರ್ಚಿ 14,000, ಕನ್ನಡಿ ಮತ್ತು ಲೈಟಿಗೆ 11,000, ವಾಷ್ ಬೇಸಿನ್ ಮತ್ತು ಪೈಪಿಗೆ 9,000, ಪೇಂಟು ಪರದೆಗೆ 8,000, ಬೋರ್ಡಿಗೆ 6,000. ಅಟ್ಟದ ಫೋಲ್ಡಿಂಗ್ ಬೆಡ್ಡು ಕೊನೆಗೂ ಕೆಲಸಕ್ಕೆ ಬಂತು. ಇನ್ವರ್ಟರ್ ಬೇಡ ಅಂತ ಭಾವ ಹೇಳಿದ್ದರು. ಕಲ್ಮಾಡಿಯ ವ್ಯಾಕ್ಸ್ ನೆನಪಿದ್ದ ನಾನೇ ಹಟ ಹಿಡಿದೆ.

55,000 ಅವಳ ಉಳಿತಾಯ, 1,20,000 ಬ್ಯಾಂಕಿನ ಮುದ್ರಾ ಸಾಲ, ಅಂದರೆ ಸಣ್ಣ ಉದ್ಯಮಕ್ಕೆ ಕೇಂದ್ರ ಸರಕಾರದ ಯೋಜನೆಯಲ್ಲಿ ಸಿಗುವ ಸಾಲ. ಮುದ್ರಾದಲ್ಲಿ 50,000 ದಾಟಿದರೆ ಕಿಶೋರ್ ವಿಭಾಗ, ಅಡಮಾನ ಬೇಡ. ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು 3,900. ಕಾಗದಪತ್ರದ ಕೆಲಸ ಹೆದರುವಷ್ಟು ಇಲ್ಲ. ನಗರಸಭೆಯ ಉದ್ದಿಮೆ ಪರವಾನಗಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ ನೋಂದಣಿ, ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಉದ್ಯಮ್ ನೋಂದಣಿ. ಉದ್ಯಮ್ ಪೂರ್ತಿ ಉಚಿತ, ಮಾಡಿಕೊಡುತ್ತೇನೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಸೇವೆಯ ವ್ಯಾಪಾರಕ್ಕೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಹಾಗಾಗಿ ಅಕ್ಕನಿಗೆ ಆ ಗೋಜು ಬರಲಿಲ್ಲ.

2024ರ ಮೇ 10, ಅಕ್ಷಯ ತದಿಗೆಯ ದಿನ ಪೂಜೆ ಮಾಡಿ ಬಾಗಿಲು ತೆರೆದೆವು. ದಿನ ಒಳ್ಳೆಯದೇ. ಆದರೆ ತಿಂಗಳು ನೋಡಿರಲಿಲ್ಲ. ಆ ವರ್ಷ ಏಪ್ರಿಲ್ ಕೊನೆಯಿಂದಲೇ ಶುಕ್ರ ಮೌಢ್ಯ, ಅಂದರೆ ಶುಕ್ರ ಗ್ರಹ ಸೂರ್ಯನ ಹತ್ತಿರ ಬಂದು ಕಾಣದಾಗುವ ಕಾಲ. ಮೇ, ಜೂನ್‌ನಲ್ಲಿ ಹೆಚ್ಚಿನ ಮನೆಗಳಲ್ಲಿ ಮದುವೆಗೆ ಮುಹೂರ್ತವೇ ಇಟ್ಟಿರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈ ನಡುವಿನಿಂದ ತುಳುವರ ಆಟಿ ತಿಂಗಳು, ಆಟಿಯಲ್ಲಿ ಯಾರೂ ಶುಭಕಾರ್ಯ ಮಾಡುವುದಿಲ್ಲ. ಅಂದರೆ ನಾವು ಬಾಡಿಗೆ ಶುರು ಮಾಡಿದ್ದು ವರ್ಷದ ಅತಿ ಖಾಲಿ ತಿಂಗಳುಗಳ ಬಾಗಿಲಿನಲ್ಲಿ ನಿಂತು. ಲೆಕ್ಕದವಳಾಗಿ ಇದನ್ನು ನಾನು ಹೇಳಬೇಕಿತ್ತು. ಹೇಳಲಿಲ್ಲ, ಆ ತಪ್ಪು ನನ್ನದು.

ಇನ್ನೊಂದು ತಪ್ಪು ಅಕ್ಕನದು. ರೂಮು ತೆರೆದ ದಿನವೇ ಮನೆಮನೆ ಹೋಗುವುದನ್ನು ನಿಲ್ಲಿಸಿಬಿಟ್ಟಳು. 64 ಜನರಿಗೂ ಫೋನು ಮಾಡಿ "ಇನ್ನು ಅಲ್ಲಿಗೇ ಬನ್ನಿ" ಅಂದಳು. ಮೂರು ತಿಂಗಳಲ್ಲಿ ಬಂದವರು 27 ಜನ. ಉಳಿದವರಿಗೆ ಅಕ್ಕನ ಮೇಲೆ ಸಿಟ್ಟೇನೂ ಇರಲಿಲ್ಲ. ಬರಲು ಆಗದ ಕಾರಣಕ್ಕೇ ಅಲ್ವಾ ಅವರು ಮೊದಲು ಅಕ್ಕನನ್ನು ಕರೆದದ್ದು? ಕೆಮ್ಮಣ್ಣಿನಿಂದ ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಮಹಡಿ ಹತ್ತಿ ಬಂದು ಐಬ್ರೋ ಮಾಡಿಸಿಕೊಳ್ಳುವವರು ಯಾರು?

ತಿಂಗಳ ಕಾಯಂ ಖರ್ಚು 13,500. ಬಾಡಿಗೆ, ಕಂತು, 1,400 ಕರೆಂಟು, ಉಳಿದದ್ದು ನೀರು ಮತ್ತು ಫೋನು. ಜೂನ್‌ನಲ್ಲಿ ಆದ ವ್ಯಾಪಾರ 9,200. ಜುಲೈಯಲ್ಲಿ 8,400. ಆಗಸ್ಟಿನಲ್ಲಿ 11,600. ಸಾಮಾನಿನ ಖರ್ಚು ತೆಗೆದರೆ ಮೂರು ತಿಂಗಳಲ್ಲಿ ಕೈಯಿಂದ ಹಾಕಿದ್ದು 16,550 ರೂಪಾಯಿ. ಅವಳ ಸ್ವಂತ ದುಡಿಮೆಗೆ ಒಂದು ಪೈಸೆ ಇಲ್ಲ. ಜುಲೈ ಕೊನೆಗೆ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಳು. ನನಗೆ ಹೇಳಿದ್ದು ಒಂದು ವಾರ ಕಳೆದ ಮೇಲೆ. ಖಾಲಿ ಕೈ ನೋಡಿ ನಾನೇ ಕೇಳಿದ್ದೆ.

ಮಳೆಗಾಲದಲ್ಲಿ ಟವೆಲ್ಲಿನದೇ ಒಂದು ಗೋಳು. ಮೂರು ದಿನ ಹಾಕಿದರೂ ಒಣಗುವುದಿಲ್ಲ, ವಾಸನೆ ಬರುತ್ತದೆ. ಕೊನೆಗೆ ಮುಖಕ್ಕೆ ಒಂದೇ ಸಲ ಬಳಸಿ ಬಿಸಾಡುವ ಟಿಶ್ಯೂ ಟವೆಲ್ಲು ತರಿಸಿದಳು. ಖರ್ಚು ಸ್ವಲ್ಪ ಜಾಸ್ತಿ. ಆದರೆ ಗಿರಾಕಿಯ ಕಣ್ಣೆದುರೇ ಪ್ಯಾಕೆಟ್ ಬಿಚ್ಚುವುದಕ್ಕೆ ಒಂದು ಬೆಲೆ ಉಂಟು.

ಸೆಪ್ಟೆಂಬರ್‌ನಲ್ಲಿ ಚೌತಿ ಮುಗಿದ ಮೇಲೆ ಮತ್ತೆ ಡೈರಿ ಹಿಡಿದು ಕೂತೆವು. ರೂಮಿಗೆ ಹೊಸದಾಗಿ ಬಂದವರು ಯಾರು ಅಂತ ನೋಡಿದರೆ ಬ್ಯಾಂಕು, ಕಾಲೇಜು, ಆಫೀಸಿನ ಹೆಂಗಸರು. ಬರುವುದು ಸಂಜೆ ಐದೂವರೆ ಮೇಲೆ. ಅಕ್ಕ ಬಾಗಿಲು ಹಾಕುತ್ತಿದ್ದದ್ದು ಐದೂವರೆಗೆ! ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಮಾತ್ರ ಒಬ್ಬರೂ ಇಲ್ಲ. ಹೊತ್ತನ್ನು ಹನ್ನೊಂದರಿಂದ ಏಳೂವರೆಗೆ ಬದಲಾಯಿಸಿದಳು. ಸಂಜೆ ಮಗಳನ್ನು ಭಾವ ನೋಡಿಕೊಳ್ಳುತ್ತೇನೆ ಅಂದರು. ಯಾವ ತೊಂದರೆಗೆ ಮಣಿಪಾಲದ ಕೆಲಸ ಬಿಟ್ಟಿದ್ದಳೋ ಅದೇ ಮತ್ತೆ ಎದುರು ಬಂದಿತ್ತು. ಭಾವ ಆ ಮಾತು ಹೇಳದಿದ್ದರೆ ಈ ಲೆಕ್ಕ ಯಾವುದೂ ಕೂಡಿಬರುತ್ತಿರಲಿಲ್ಲ.

ಮನೆಮನೆ ಕೆಲಸ ಮತ್ತೆ ಶುರು ಮಾಡಿದಳು, ಆದರೆ ವಾರಕ್ಕೆ ಎರಡೇ ಸಲ. ಮಂಗಳವಾರ ಬೆಳಿಗ್ಗೆ ಅಂಬಲಪಾಡಿ, ಕಲ್ಮಾಡಿ, ಮಲ್ಪೆ. ಗುರುವಾರ ಬೆಳಿಗ್ಗೆ ಕಲ್ಯಾಣಪುರ, ಕೆಮ್ಮಣ್ಣು. ಆ ಎರಡು ದಿನ ರೂಮು ತೆರೆಯುವುದು ಮಧ್ಯಾಹ್ನ ಊಟದ ಮೇಲೆ. ಕಡಿಮೆ ಅಂದರೆ 700 ರೂಪಾಯಿಯ ಕೆಲಸ ಇರಬೇಕು, ಮೇಲೆ 150 ಬಂದುಹೋಗುವ ಖರ್ಚು. ಅಕ್ಕಪಕ್ಕದ ಮೂವರು ಒಂದೇ ಮನೆಯಲ್ಲಿ ಸೇರಿದರೆ ಆ 150 ಇಲ್ಲ. ಇದನ್ನು ಹೇಳಲು ಅಕ್ಕನಿಗೆ ಬಾಯಿಯೇ ಬರಲಿಲ್ಲ. "ಅಮ್ಮಂದಿರ ಹತ್ರ ರಿಕ್ಷಾದವರ ಹಾಗೆ ಹೇಗೆ ಕೇಳುದು?" ಅಂದಳು. ಕೊನೆಗೆ ನಾನೇ ಮೆಸೇಜು ಬರೆದುಕೊಟ್ಟೆ. ಮೂರು ಜನ ಬಿಟ್ಟುಹೋದರು. ಕಲ್ಮಾಡಿಯ ಅಮ್ಮ ತಾವೇ ಪಕ್ಕದ ಎರಡು ಮನೆಯವರನ್ನು ಕರೆದು ಕೂರಿಸಿಕೊಂಡರು.

ನವೆಂಬರ್ ಬಂದಾಗ ಮದುವೆಗಳೂ ಬಂದವು. ಡಿಸೆಂಬರಿಗೆ ಏಳು ಮದುಮಗಳಂದಿರ ಬುಕಿಂಗು. ಮೇಕಪ್, ಸೀರೆ, ಜಡೆ ಸೇರಿ 9,000. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಡಬೇಕು. ಇಲ್ಲಿ ಒಂದು ಪಾಠ ದುಬಾರಿಯಾಯಿತು. ಮೊದಲ ಮದುವೆಗೆ ಹೂವೂ ಸೇರಿಸಿ ರೇಟು ಹೇಳಿದ್ದಳು. ಮದುಮಗಳ ಜಡೆಗೆ ಶಂಕರಪುರ ಮಲ್ಲಿಗೆಯೇ ಆಗಬೇಕು. ಮಲ್ಲಿಗೆಯ ಬೆಲೆ ದಿನದಿನಕ್ಕೆ ಬದಲಾಗುತ್ತದೆ, ಮದುವೆ ಜಾಸ್ತಿ ಇರುವ ದಿನ ಅಟ್ಟೆಗೆ 2,000 ದಾಟುವುದೂ ಉಂಟು. ಅಟ್ಟೆ ಅಂದರೆ ನಾಲ್ಕು ಚೆಂಡು. ಆ ಮದುಮಗಳಿಗೆ ಎರಡು ಅಟ್ಟೆ ಬೇಕಾಗಿತ್ತು. ಆ ದಿನದ ದುಡಿಮೆ ಅರ್ಧ ಹೂವಿಗೇ ಹೋಯಿತು. ಈಗ ಬುಕಿಂಗ್ ಚೀಟಿಯಲ್ಲಿ ಮೊದಲ ಸಾಲೇ "ಹೂವು ಮನೆಯವರದ್ದು". ಎರಡನೆಯ ಸಾಲು, 3,000 ಮುಂಗಡ.

2025ರ ಫೆಬ್ರವರಿಯಲ್ಲಿ, ಸರಿಯಾಗಿ ಒಂದು ವರ್ಷಕ್ಕೆ, ಮತ್ತೆ ಒಂದು ವಾರದ ಗಂಟೆ ಬರೆಸಿದೆ. ಮತ್ತೆ ಮದುಮಗಳ ಕೆಲಸ ಇಲ್ಲದ ವಾರವೇ. ಹೊರಗಿದ್ದದ್ದು 49 ಗಂಟೆ, ಕೈ ಕೆಲಸ 33 ಗಂಟೆ, ಮನೆಮನೆ ಕೆಲಸದ ರಸ್ತೆ 3 ಗಂಟೆ. ಬಿಲ್ಲು 15,400. ಸಾಮಾನು 2,700, ಪೆಟ್ರೋಲು 250, ಬಾಡಿಗೆ ಕಂತು ಕರೆಂಟಿನ ವಾರದ ಪಾಲು 3,100. ಉಳಿದದ್ದು 9,350. ಮನೆ ಬಿಟ್ಟ ಗಂಟೆಗೆ 191 ರೂಪಾಯಿ. 152 ಎಲ್ಲಿ, 191 ಎಲ್ಲಿ, ಇಷ್ಟೇನಾ ಅಂತ ಕೆಲವರು ಕೇಳಬಹುದು. ಇಷ್ಟೇ. ಆದರೆ ಈ 191ರಲ್ಲಿ ಸಾಲದ ಕಂತು ಹೋಗಿ ಉಳಿದದ್ದು ಉಂಟು, ಕುರ್ಚಿ ಎತ್ತರಿಸಿ ನೆಟ್ಟಗೆ ನಿಂತು ದುಡಿದದ್ದು ಉಂಟು. ಸೊಂಟದ ಬೆಲ್ಟು ಕಟ್ಟದೆ ಆಗ ನಾಲ್ಕು ತಿಂಗಳಾಗಿತ್ತು. ಬಳೆ ಬಿಡಿಸಿಕೊಂಡದ್ದು ಅದೇ ತಿಂಗಳು.

ಇದೇ ಕೆಲಸ ಶುರು ಮಾಡುವವರು ನನ್ನನ್ನು ಕೇಳಿದರೆ ರೂಮಿನ ಅಗ್ರಿಮೆಂಟು ಮೇ ತಿಂಗಳಲ್ಲಿ ಬೇಡ, ನವರಾತ್ರಿಯ ಹೊತ್ತಿಗೆ ಮಾಡಿ ಅನ್ನುತ್ತೇನೆ. ಮಳೆಗಾಲದ ನಾಲ್ಕು ತಿಂಗಳ ಬಾಡಿಗೆ ಮತ್ತು ಕಂತು ಕೈಯಲ್ಲಿಟ್ಟುಕೊಂಡೇ ಬಾಗಿಲು ತೆರೆಯಬೇಕು. ಅಕ್ಕನಿಗೆ ಅದು ಸುಮಾರು 46,000 ಆಗುತ್ತಿತ್ತು. ಆ ದುಡ್ಡಿದ್ದಿದ್ದರೆ ಬಳೆ ಕೈಯಲ್ಲೇ ಇರುತ್ತಿತ್ತು. ಎಸಿ ತರುವುದನ್ನು ಒಂದು ವರ್ಷ ಮುಂದೂಡಿದ್ದರೆ ಆ ದುಡ್ಡಿನ ಮುಕ್ಕಾಲು ಪಾಲು ಅಲ್ಲೇ ಸಿಗುತ್ತಿತ್ತು.

2025ರ ಏಪ್ರಿಲ್‌ನಲ್ಲಿ 11 ತಿಂಗಳ ಅಗ್ರಿಮೆಂಟು ಮುಗಿಯಿತು. ಕಟ್ಟಡದ ಯಜಮಾನರು ಕೆಳಗಿನ ಅಂಗಡಿ ಖಾಲಿ ಆಗಿದೆ, 11,000ಕ್ಕೆ ಕೊಡುತ್ತೇನೆ ಅಂದರು. ರಸ್ತೆಗೇ ಕಾಣುವ ಜಾಗ. ಮನೆಯಲ್ಲಿ ಎಲ್ಲರೂ ತೆಗೆದುಕೊ ಅಂದರು. ಅಕ್ಕ ಡೈರಿ ತಂದಳು. ಮೆಟ್ಟಿಲಿಗೆ ಹೆದರಿ ಬಾರದವರು ಎಷ್ಟು ಅಂತ ಹೆಸರು ಹಿಡಿದು ಎಣಿಸಿದಳು. ಎಂಟು. ತಿಂಗಳಿಗೆ 3,500 ಜಾಸ್ತಿ, ಎಂಟು ಜನರಿಗಾಗಿ. ಮೇಲೆ ಇದ್ದರೆ ಪರದೆ ಎಳೆಯದೆಯೂ ರಸ್ತೆಯವರ ಕಣ್ಣು ಬೀಳುವುದಿಲ್ಲ, ಅದು ಉಳಿದವರಿಗೆಲ್ಲ ಇಷ್ಟ. "ಬೇಡ, ನಾನು ಮೇಲೆಯೇ ಇರ್ತೇನೆ" ಅಂದಳು. ಆ ಎಂಟು ಹೆಸರುಗಳನ್ನು ಡೈರಿಯ ಮಂಗಳವಾರ, ಗುರುವಾರದ ಪುಟಗಳಿಗೆ ಬರೆದುಕೊಂಡಳು. ಮೊದಲ ಹೆಸರು ಕಲ್ಮಾಡಿಯ ಅಮ್ಮನದು, ಪಕ್ಕದಲ್ಲಿ "ಉಗುರು ಕತ್ತರಿ ಮರೆಯಬಾರದು" ಅಂತ ಉಂಟು.